ಬೇರೆ ದೇಶಗಳ ಟೆಲಿಕಾಂ ಆದೇಶಗಳೆಲ್ಲ ಒಂದೇ ಕಡೆ ಸಿಗುವ ಜಾಗ ಇದೆಯಾ?

ಡೊಂಬಿವಲಿ ವಕೀಲೆ

ಎಲ್ಲರಿಗೂ ನಮಸ್ಕಾರ. ಮುಂಬಯಿಯ ಫೋರ್ಟ್‌ನಲ್ಲಿ ಒಬ್ಬ ಸೀನಿಯರ್ ವಕೀಲರ ಹತ್ತಿರ ಕೆಲಸ ಮಾಡುತ್ತೇನೆ. ಈಗ ಒಂದು ಕೇಸಿಗಾಗಿ ಕಡಲ ಕೇಬಲ್ ಸ್ಟೇಷನ್‌ಗಳ ವಿಷಯ ಓದುತ್ತಿದ್ದೇನೆ. ಇಲ್ಲಿ ವರ್ಸೋವಾದಲ್ಲಿ ಸಮುದ್ರದಡಿಯ ಕೇಬಲ್ ದಡ ಹತ್ತುತ್ತದಲ್ಲ, ಅಂಥ ಕಡೆ ಸ್ಟೇಷನ್ ಒಬ್ಬರದ್ದು, ಕೇಬಲ್‌ನಲ್ಲಿ ಪಾಲು ಇನ್ನೊಬ್ಬರದ್ದು. ಸ್ಟೇಷನ್‌ನವರು ಬೇರೆ ಕಂಪನಿಗೆ ಒಳಗೆ ಜಾಗ ಕೊಡಲೇಬೇಕಾ, ಕೊಟ್ಟರೆ ಎಷ್ಟು ವಸೂಲಿ ಮಾಡಬಹುದು? ಜಗಳ ಇಷ್ಟೇ. ನಮ್ಮಲ್ಲಿ ಟೆಲಿಕಾಂ ನಿಯಂತ್ರಕ ಟ್ರಾಯ್ 2007ರಲ್ಲಿ ನಿಯಮ ಮಾಡಿತು, 2012ರಲ್ಲಿ ದರ ನಿಗದಿ ಮಾಡಿತು. ಆಮೇಲೆ ಅದು ಮದ್ರಾಸ್ ಹೈಕೋರ್ಟ್, ಸುಪ್ರೀಂ ಕೋರ್ಟ್ ಅಂತ ಸುತ್ತಾಡಿತು. ಅಷ್ಟರ ಮಟ್ಟಿಗೆ ಕಾಗದ ನನ್ನ ಹತ್ತಿರ ಇದೆ.

ಸೀನಿಯರ್ ಈಗ ಹೇಳುತ್ತಿರುವುದು, ಬೇರೆ ದೇಶದ ನಿಯಂತ್ರಕರು ಇಂಥದ್ದಕ್ಕೆ ಏನು ಆದೇಶ ಕೊಟ್ಟಿದ್ದಾರೆ ತಂದು ತೋರಿಸು ಅಂತ. ಸಿಂಗಾಪುರದ್ದು ಸಿಕ್ಕಿತು. ಅಲ್ಲಿ ಸಿಂಗ್‌ಟೆಲ್ ತನ್ನ ಕೇಬಲ್ ಸ್ಟೇಷನ್ನನ್ನು ಬೇರೆಯವರಿಗೂ ತೆರೆಯಬೇಕು ಅಂತ ನಿಯಂತ್ರಕರು ಹೇಳಿದ್ದರು. ಉಳಿದ ದೇಶಗಳದ್ದು ಹುಡುಕುವಷ್ಟರಲ್ಲಿ ಸಾಕಾಯಿತು. ಒಂದು ದೇಶದ ಜಾಲತಾಣದಲ್ಲಿ ಲಿಂಕ್ ಒತ್ತಿದರೆ ಪುಟವೇ ಇಲ್ಲ. ಇನ್ನೊಂದರಲ್ಲಿ ಆದೇಶವನ್ನು ಸ್ಕ್ಯಾನ್ ಮಾಡಿ ಹಾಕಿದ್ದಾರೆ, ಅದೂ ಓರೆಯಾಗಿ. ಒಂದು ಪದ ಹುಡುಕೋಣ ಅಂದರೂ ಆಗುವುದಿಲ್ಲ.

ನಮ್ಮ ಕೋರ್ಟ್ ತೀರ್ಪುಗಳಿಗೆ ಇಂಡಿಯನ್ ಕಾನೂನ್ ಜಾಲತಾಣ ಇದ್ದ ಹಾಗೆ ಟೆಲಿಕಾಂ ಆದೇಶಗಳಿಗೆ ಲೋಕಕ್ಕೆಲ್ಲ ಸೇರಿ ಒಂದು ಡೇಟಾಬೇಸ್ ಇಲ್ವಾ? ದುಡ್ಡು ಕೊಟ್ಟರೆ ಸಿಗುವ ಸೇವೆಗಳಿವೆ ಅಂತ ಗೊತ್ತು. ಅದರ ಚಂದಾ ಕೇಳಿ ಸೀನಿಯರ್ ಫೋನ್ ಇಟ್ಟರು.

ಮಾಟುಂಗಾ ಮಾಮ

ನಿಮ್ಮಂಥವರು ಇಂಥ ಪ್ರಶ್ನೆ ಕೇಳುವುದು ನೋಡಿದರೆ ನಿವೃತ್ತನಾದ ನನಗೂ ಹುರುಪು ಬರುತ್ತದೆ ಮಾರಾಯ್ರೇ. ಟೆಲಿಫೋನ್ ಇಲಾಖೆಯಲ್ಲೇ ತಲೆ ಹಣ್ಣಾದವನು ನಾನು.

ಮೊದಲು ಜಿನೀವಾಕ್ಕೆ ಹೋಗಿ, ಅಂದರೆ ಐಟಿಯು, ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ. 1865ರಲ್ಲಿ ಪ್ಯಾರಿಸ್‌ನಲ್ಲಿ ಟೆಲಿಗ್ರಾಫ್ ಒಕ್ಕೂಟವಾಗಿ ಶುರುವಾದದ್ದು, ಈಗ ವಿಶ್ವಸಂಸ್ಥೆಯ ಅಂಗ. 2000ದಿಂದ ಅವರು ಎಲ್ಲ ದೇಶಗಳ ನಿಯಂತ್ರಕರನ್ನು ಕರೆದು ಸಮಾವೇಶ ನಡೆಸುತ್ತಿದ್ದಾರೆ, ಜಿಎಸ್‌ಆರ್ ಅಂತ ಹೆಸರು. ಅದರ ಜೊತೆಗೆ ವಿಶ್ವಬ್ಯಾಂಕ್ ಕಡೆಯ ಇನ್ಫೋಡೆವ್ ಜೊತೆ ಸೇರಿ ಒಂದು ನಿಯಂತ್ರಣ ಟೂಲ್‌ಕಿಟ್ ಮಾಡಿದರು. ಅನುಭವ, ಉದಾಹರಣೆ, ಆದೇಶಗಳ ಪರಿಚಯ ಎಲ್ಲ ಅದರಲ್ಲಿತ್ತು. ಈಗ ಅದರ ಜಾಗದಲ್ಲಿ ಡಿಜಿಟಲ್ ರೆಗ್ಯುಲೇಷನ್ ಪ್ಲಾಟ್‌ಫಾರ್ಮ್ ಇದೆ. 2020ರಲ್ಲಿ ಒಂದು ಕೈಪಿಡಿಯೂ ಬಂತು. ಪುಕ್ಕಟೆ.

ಇದೆಲ್ಲ ಏಕೆ ಬೇಕಾಯಿತು ಅಂದರೆ, 1997ರಲ್ಲಿ ವಿಶ್ವ ವ್ಯಾಪಾರ ಸಂಘಟನೆಯಲ್ಲಿ (ಡಬ್ಲ್ಯುಟಿಒ) ಟೆಲಿಕಾಂ ಒಪ್ಪಂದ ಆಯಿತು. ಅದು ಜಾರಿಗೆ ಬಂದದ್ದು 1998ರ ಫೆಬ್ರವರಿಯಲ್ಲಿ. ಜೊತೆಗೆ 'ರೆಫರೆನ್ಸ್ ಪೇಪರ್' ಅಂತ ಒಂದು ಸಣ್ಣ ದಾಖಲೆ. ಲೈಸೆನ್ಸ್ ಕೊಡುವ ಮಾನದಂಡ ಬಹಿರಂಗವಾಗಿರಬೇಕು, ದೊಡ್ಡ ಕಂಪನಿಯ ಜೊತೆ ಜಾಲ ಜೋಡಿಸಿಕೊಳ್ಳುವ ವಿಧಾನ ಎಲ್ಲರಿಗೂ ಕಾಣಬೇಕು, ನಿಯಂತ್ರಕರು ಯಾವ ಕಂಪನಿಯ ಕೈಕೆಳಗೂ ಇರಬಾರದು ಅಂತ ಅದರಲ್ಲಿದೆ. ಅದೇ ಸುಮಾರಿಗೆ ದೇಶ ದೇಶದಲ್ಲಿ ಹೊಸ ನಿಯಂತ್ರಕರು ಹುಟ್ಟಿದರು. ನಮ್ಮ ಟ್ರಾಯ್ ಕೂಡ 1997ರದ್ದೇ. ಎಲ್ಲರೂ ಹೊಸಬರು, ಯಾರಿಗೂ ಅಭ್ಯಾಸ ಇಲ್ಲ. ಪಕ್ಕದ ಮನೆಯವರು ಏನು ಬರೆದಿದ್ದಾರೆ ಅಂತ ನೋಡದೆ ಗತಿಯಿರಲಿಲ್ಲ.

ಆ ರೆಫರೆನ್ಸ್ ಪೇಪರ್ ಒಪ್ಪಿಕೊಂಡದ್ದು ಕೆಲವರಿಗೆ ಕಂಟಕವೂ ಆಯಿತು. ಅಮೆರಿಕ ಮೆಕ್ಸಿಕೋ ಮೇಲೆ ಹಾಕಿದ, 2004ರಲ್ಲಿ ತೀರ್ಮಾನವಾದ ಟೆಲ್‌ಮೆಕ್ಸ್ ಕೇಸ್ ಓದಿ, ಟೆಲ್‌ಮೆಕ್ಸ್ ಅಂದರೆ ಅಲ್ಲಿನ ದೊಡ್ಡ ಟೆಲಿಫೋನ್ ಕಂಪನಿ. ಹೊರದೇಶದ ಕರೆಗಳಿಗೆ ಮೆಕ್ಸಿಕೋ ವಸೂಲಿ ಮಾಡುತ್ತಿದ್ದ ದರಕ್ಕೂ ಖರ್ಚಿಗೂ ತಾಳೆ ಇಲ್ಲ ಅಂತ ಡಬ್ಲ್ಯುಟಿಒ ಸಮಿತಿ ಹೇಳಿಬಿಟ್ಟಿತು.

ಪಿಂಪ್ರಿ ಪಾಟೀಲ

ಮಾಮಾ, ಓದಲಿಕ್ಕೆ ಚೆನ್ನಾಗಿದೆ. ಆದರೆ ನಮ್ಮ ಫ್ಲಾಟಿನಲ್ಲಿ ಬಾಲ್ಕನಿಗೆ ಬಂದು ಗ್ರಿಲ್ ಹಿಡಿದು ನಿಂತರೆ ಮಾತ್ರ ಸಿಗ್ನಲ್ ರೀ. ಸೊಸೈಟಿಯವರು ಟವರ್ ಬೇಡ ಅಂತಾರೆ, ಅವರೇ ಸಿಗ್ನಲ್ ಇಲ್ಲ ಅಂತ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಬೈತಾರೆ. ಜಿನೀವಾದಲ್ಲಿ ಆದೇಶ ಕೂಡಿಸಿಟ್ಟರೆ ಪಿಂಪ್ರಿಯಲ್ಲಿ ಏನಾಗುತ್ತೆ? ಕಾಲ್ ಕಟ್ ಆದರೆ ಒಂದು ರೂಪಾಯಿ ವಾಪಸ್ ಕೊಡ್ತೀವಿ ಅಂತ ಹಿಂದೆ ಒಂದು ಆದೇಶ ಬಂದಿತ್ತಲ್ಲ. ನನಗಂತೂ ಒಂದು ಪೈಸೆ ಬರಲಿಲ್ಲ.

ವಾಸ್ಕೋ ಬಂದರಿನವ

ಹೌದಲ್ಲ! ಆ ರೂಪಾಯಿ ಎಲ್ಲಿ ಹೋಯಿತು? 😄

ಡೊಂಬಿವಲಿ ವಕೀಲೆ

ಪಾಟೀಲ ಅಣ್ಣ, ನೀವು ಸಿಟ್ಟಿನಲ್ಲಿ ಕೇಳಿದ್ದೇ ಈ ಚರ್ಚೆಗೆ ಬೇಕಾದ ಉದಾಹರಣೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಟ್ರಾಯ್ 2015ರ ಅಕ್ಟೋಬರ್‌ನಲ್ಲಿ ಆ ನಿಯಮ ಮಾಡಿತು. ಕರೆ ಮಾಡಿದವರಿಗೆ ಕಟ್ ಆದ ಪ್ರತಿ ಕರೆಗೆ 1 ರೂಪಾಯಿ, ದಿನಕ್ಕೆ ಹೆಚ್ಚೆಂದರೆ 3 ಕರೆಗೆ. 2016ರ ಜನವರಿ 1ರಿಂದ ಜಾರಿ ಅಂತ ಇತ್ತು. ಕಂಪನಿಗಳು ಕೋರ್ಟಿಗೆ ಹೋದವು. 2016ರ ಮೇ 11ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಅದಕ್ಕೇ ನಿಮಗೆ ರೂಪಾಯಿ ಬರಲಿಲ್ಲ.

ಕಾರಣ ಓದಬೇಕು. ಟ್ರಾಯ್‌ನ ಗುಣಮಟ್ಟದ ನಿಯಮವೇ ನೂರಕ್ಕೆ 2ರಷ್ಟು ಕರೆ ಕಟ್ ಆಗುವುದನ್ನು ಒಪ್ಪಿಕೊಂಡಿತ್ತು. ಆ ಮಿತಿಯೊಳಗೆ ಇದ್ದವರಿಗೂ ದಂಡ ಹಾಕುವುದು ಹೇಗೆ ಅಂತ ಕೋರ್ಟ್ ಕೇಳಿತು. ಜೊತೆಗೆ ಟ್ರಾಯ್‌ನದೇ ತಾಂತ್ರಿಕ ಟಿಪ್ಪಣಿಯಲ್ಲಿ ಶೇ 36.9ರಷ್ಟು ಕಟ್‌ಗಳು ಗ್ರಾಹಕರ ಕಡೆಯ ಕಾರಣದಿಂದ ಆಗುತ್ತವೆ ಅಂತ ಬರೆದಿತ್ತು. ಹಾಗಿದ್ದ ಮೇಲೆ ಎಲ್ಲ ಕಟ್‌ಗೂ ಕಂಪನಿಯೇ ಹೊಣೆ ಅನ್ನುವುದು ನಿಲ್ಲಲಿಲ್ಲ. ತೀರ್ಪಿನ ಕೊನೆಗೆ ಇನ್ನೊಂದು ಮಾತಿದೆ. ನಿಯಮ ಮಾಡುವ ಮೊದಲು ಜನರ ಅಭಿಪ್ರಾಯ ಕೇಳಿ, ಅದಕ್ಕೆ ಕಾರಣ ಸಹಿತ ಉತ್ತರ ಕೊಡುವ ಪದ್ಧತಿಗೆ ಅಮೆರಿಕದ 1946ರ ಕಾಯ್ದೆಯ ಮಾದರಿಯಲ್ಲಿ ಸಂಸತ್ತು ಒಂದು ಕಾನೂನು ತರುವುದನ್ನು ಯೋಚಿಸಲಿ ಅಂತ.

ಈಗ ನೋಡಿ. ಆಫ್ರಿಕಾದಲ್ಲೋ ಪೆಸಿಫಿಕ್ ದ್ವೀಪದಲ್ಲೋ ಒಬ್ಬ ಅಧಿಕಾರಿ ಡೇಟಾಬೇಸ್‌ನಲ್ಲಿ 'ಕಾಲ್ ಡ್ರಾಪ್ ಪರಿಹಾರ' ಅಂತ ಹುಡುಕುತ್ತಾರೆ. 2015ರ ಟ್ರಾಯ್ ಆದೇಶ ಸಿಗುತ್ತದೆ. ಭಾರತದಷ್ಟು ದೊಡ್ಡ ದೇಶವೇ ಮಾಡಿದೆಯಲ್ಲ ಅಂತ ಅವರೂ ಬರೆದುಬಿಡುತ್ತಾರೆ. ಏಳು ತಿಂಗಳಲ್ಲಿ ಅದು ಬಿದ್ದುಹೋದದ್ದು ಆ ಪುಟದಲ್ಲಿ ಇಲ್ಲದಿದ್ದರೆ? ಆದೇಶ ಇಟ್ಟು ಅದರ ಗತಿ ಇಡದ ಡೇಟಾಬೇಸ್ ಅಂದರೆ ಹಳೆ ಟೈಮ್‌ಟೇಬಲ್ ನೋಡಿ ಕಲ್ಯಾಣ್ ಫಾಸ್ಟ್ ಲೋಕಲ್ ರೈಲು ಹಿಡಿಯಲು ಓಡಿದ ಹಾಗೆ.

ಕೊತ್ರೂಡ್ ಗುಂಡ

ಇಲ್ಲಿ ನಾನು ಬಾಯಿ ಹಾಕಬಹುದು, ಹೊಟ್ಟೆಪಾಡು ಡೇಟಾಬೇಸ್‌ನದೇ. ಅಕ್ಕ ಹೇಳಿದ್ದು ಸರಿ. 'ಸ್ಥಿತಿ' ಅಂತ ಒಂದು ಕಾಲಮ್ ಇಟ್ಟರೂ ಸಾಲುವುದಿಲ್ಲ, ಯಾವ ತಾರೀಕಿಗೆ ಯಾವ ಸ್ಥಿತಿ ಅಂತ ಸಾಲಾಗಿ ಇಡಬೇಕು. ಅಮೆರಿಕದ ನೆಟ್ ನ್ಯೂಟ್ರಾಲಿಟಿ, ಅಂದರೆ ಎಲ್ಲ ಜಾಲತಾಣಗಳನ್ನೂ ಕಂಪನಿಗಳು ಒಂದೇ ಥರ ನೋಡಬೇಕು ಅನ್ನುವ ನಿಯಮ, ಅದನ್ನೇ ನೋಡಿ. 2015ರಲ್ಲಿ ಅಲ್ಲಿನ ನಿಯಂತ್ರಕ ಎಫ್‌ಸಿಸಿ ನಿಯಮ ತಂದಿತು. 2017ರ ಡಿಸೆಂಬರ್‌ನಲ್ಲಿ ಅದೇ ಎಫ್‌ಸಿಸಿ ತೆಗೆದುಹಾಕಿತು. 2024ರ ಏಪ್ರಿಲ್‌ನಲ್ಲಿ ವಾಪಸ್ ತಂದಿತು. 2025ರ ಜನವರಿಯಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟ್ ಹೊಡೆದುಹಾಕಿತು. ಇದಕ್ಕೆ 'ಜಾರಿಯಲ್ಲಿದೆ: ಹೌದು/ಇಲ್ಲ' ಅಂತ ಟಿಕ್ ಹಾಕುವ ಫಾರ್ಮ್ ಮಾಡಿದವರು ಏನು ಮಾಡ್ತಾರೆ?

ನಮ್ಮದು ಇದರಲ್ಲಿ ನೇರ. 2016ರ ಫೆಬ್ರವರಿ 8ರಂದು ಟ್ರಾಯ್ ನಿಯಮ ಮಾಡಿತು. ಯಾವ ಜಾಲತಾಣ ನೋಡುತ್ತೀರಿ ಅನ್ನುವುದರ ಮೇಲೆ ಡೇಟಾಕ್ಕೆ ಬೇರೆ ಬೇರೆ ದರ ಹಾಕುವಂತಿಲ್ಲ. ಮೀರಿದರೆ ದಿನಕ್ಕೆ 50 ಸಾವಿರ, ಗರಿಷ್ಠ 50 ಲಕ್ಷ. ಕೆಲವು ಜಾಲತಾಣಗಳನ್ನು ಮಾತ್ರ ಪುಕ್ಕಟೆ ತೋರಿಸುವ ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್ ಅಲ್ಲಿಗೆ ಮುಗಿಯಿತು. ಆಗ ಲಕ್ಷಗಟ್ಟಲೆ ಇಮೇಲ್ ಹೋಗಿದ್ದವು, ನಮ್ಮ ಹಾಸ್ಟೆಲ್‌ನಿಂದಲೂ.

ಪಿಂಪ್ರಿ ಪಾಟೀಲ

ಸರಿ, ರೂಪಾಯಿ ವಿಷಯ ತಿಳೀತು. ಸಿಗ್ನಲ್ ವಿಷಯ ಬಾಕಿ ಇದೆ.

ವಾಸ್ಕೋ ಬಂದರಿನವ

ನನಗೆ ಒಂದು ಅನುಮಾನ. ಆದೇಶ ಎಲ್ಲಿಯವರೆಗೆ ಲಾಗೂ ಅನ್ನುವುದನ್ನೂ ಬರೆಯಬೇಕಲ್ಲ? ನಾವು ಗೋವಾದವರು ಟೆಲಿಕಾಂ ಲೆಕ್ಕದಲ್ಲಿ ಮಹಾರಾಷ್ಟ್ರ ಸರ್ಕಲ್, ಅಂದರೆ ಲೈಸೆನ್ಸ್ ವಲಯ. ಪುಣೆಯೂ ಅದೇ. ಮುಂಬಯಿ ಮಾತ್ರ ಬೇರೆ ಸರ್ಕಲ್, ನವಿ ಮುಂಬಯಿ, ಕಲ್ಯಾಣ್ ಸೇರಿಸಿಕೊಂಡು. ಪೋಳೆಂ ಚೆಕ್‌ಪೋಸ್ಟ್ ದಾಟಿ ಮಾಜಾಳಿಗೆ ಕಾಲಿಟ್ಟರೆ ಕರ್ನಾಟಕ ಸರ್ಕಲ್. ಹಿಂದೆ ಊರಿಗೆ ಹೋಗುವಾಗ ಕಾಳಿ ಸೇತುವೆ ಬರುವ ಮೊದಲೇ ರೋಮಿಂಗ್ ಶುರು. ಅವ್ವ ಫೋನ್ ಮಾಡಿದರೆ ಎತ್ತಿದ್ದಕ್ಕೂ ದುಡ್ಡು. 2015ರ ಮೇ 1ರಿಂದ ಟ್ರಾಯ್ ರೋಮಿಂಗ್ ಒಳಕರೆಗೆ 75 ಪೈಸೆ ಇದ್ದ ಮಿತಿಯನ್ನು 45 ಪೈಸೆಗೆ ಇಳಿಸಿತು. ಆಮೇಲೆ ಕಂಪನಿಗಳೇ ಪೈಪೋಟಿಯಲ್ಲಿ ಕೈಬಿಟ್ಟವು.

ಯೂರೋಪಿನಲ್ಲಿ ದೇಶ ದೇಶದ ನಡುವೆಯೇ ರೋಮಿಂಗ್ ಎತ್ತಿದ್ದಾರೆ ಅಂತ ಹಡಗಿನ ಹುಡುಗರು ಹೇಳುತ್ತಿರುತ್ತಾರೆ.

ಮಾಟುಂಗಾ ಮಾಮ

ಹೌದು ಬಂದರಿನವರೇ, 2017ರ ಜೂನ್ 15ರಿಂದ. ಬ್ರಿಟನ್ ಯೂರೋಪಿನ ಒಕ್ಕೂಟ ಬಿಟ್ಟ ಮೇಲೆ ಅಲ್ಲಿನ ಕೆಲವು ಕಂಪನಿಗಳು ಮತ್ತೆ ರೋಮಿಂಗ್ ದುಡ್ಡು ಕೇಳಲು ಶುರು ಮಾಡಿದವು. ನೀವು ಹೇಳಿದ 'ಎಲ್ಲಿಯವರೆಗೆ ಲಾಗೂ' ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಡ.

ವಕೀಲೆಯವರೇ, ಯೂರೋಪಿನ ಮಾತು ಬಂತು ಅಂತ ಹೇಳುತ್ತೇನೆ. ನೀವು ಕೇಳುವ ಥರದ್ದು ಹತ್ತಿರ ಹತ್ತಿರ ಇರುವುದು ಅಲ್ಲಿ. ಅವರ 2002ರ ನಿರ್ದೇಶನದಲ್ಲಿ 7ನೇ ವಿಧಿ ಅಂತ ಇತ್ತು, 2018ರ ಹೊಸ ಸಂಹಿತೆಯಲ್ಲಿ 32ನೇ ವಿಧಿ. ಯಾವುದೇ ಸದಸ್ಯ ದೇಶದ ನಿಯಂತ್ರಕರು ದೊಡ್ಡ ಕಂಪನಿಯ ಮೇಲೆ ಇಂಥ ಕಟ್ಟುಪಾಡು ಹಾಕುವ ಮೊದಲು ಕರಡನ್ನು ಬ್ರಸೆಲ್ಸ್‌ನ ಯೂರೋಪಿಯನ್ ಆಯೋಗಕ್ಕೆ, ಉಳಿದ ದೇಶಗಳ ನಿಯಂತ್ರಕರಿಗೆ ಕಳಿಸಲೇಬೇಕು. ಆಯೋಗಕ್ಕೆ ಒಂದು ತಿಂಗಳು ಸಮಯ. ಗಂಭೀರ ಅನುಮಾನ ಬಂದರೆ ತಡೆದು ನಿಲ್ಲಿಸುತ್ತಾರೆ, ಕೆಲವು ಸಂದರ್ಭದಲ್ಲಿ ವಾಪಸ್ ತೆಗೆದುಕೊಳ್ಳಿ ಅನ್ನುವ ಅಧಿಕಾರವೂ ಇದೆ. ಈ ಕಾಗದಗಳೆಲ್ಲ ಸರ್ಕಾಬಿಸಿ ಎಂಬ ಜಾಲತಾಣದಲ್ಲಿ ದೇಶವಾರು ಫೋಲ್ಡರ್‌ಗಳಲ್ಲಿ ಸಿಗುತ್ತವೆ. ಕೇಸಿನ ಗುರುತು ಸುಲಭ: ದೇಶದ ಎರಡಕ್ಷರ, ವರ್ಷ, ಸಂಖ್ಯೆ. ಕರಡು ಆಯಾ ದೇಶದ ಭಾಷೆಯಲ್ಲಿರುತ್ತದೆ, ಆದರೆ ಸಾರಾಂಶದ ಒಂದು ನಮೂನೆ ಜೊತೆಗಿರುತ್ತದೆ, ಆಯೋಗದ ಉತ್ತರವೂ ಇರುತ್ತದೆ. ಆ ಉತ್ತರ ಮೊದಲು ಓದಿ. ನಾಲ್ಕಾರು ಪುಟದಲ್ಲಿ ಇಡೀ ಜಗಳ ತಿಳಿಯುತ್ತದೆ.

ಕೊತ್ರೂಡ್ ಗುಂಡ

ಮಾಮ, ಇದೇ ನೋಡಿ ಮುಖ್ಯ. ಯೂರೋಪಿನದ್ದು ತುಂಬಿರುವುದು ಏಕೆ? ಕಳಿಸದಿದ್ದರೆ ಆದೇಶವನ್ನೇ ಹೊರಡಿಸುವ ಹಾಗಿಲ್ಲ. ಐಟಿಯು ಪ್ರತಿ ವರ್ಷ ದೇಶಗಳಿಗೆ ಪ್ರಶ್ನಾವಳಿ ಕಳಿಸುತ್ತದೆ, ಬಂದ ಉತ್ತರದ ಮೇಲೆ 50 ಸೂಚಕಗಳ ಟ್ರ್ಯಾಕರ್ ಮಾಡುತ್ತದೆ. ತುಂಬಿದವರದ್ದು ಇದೆ, ತುಂಬದವರದ್ದು ಖಾಲಿ. ತುಂಬಿದ್ದೂ 'ನಿಯಂತ್ರಕ ಸಂಸ್ಥೆ ಇದೆಯಾ, ನಂಬರ್ ಪೋರ್ಟಬಿಲಿಟಿ ಇದೆಯಾ' ಅನ್ನುವ ಮಟ್ಟದ್ದು. ದೇಶ ದೇಶ ಹೋಲಿಸಲು ಒಳ್ಳೆಯದೇ. ಅಕ್ಕನಿಗೆ ಬೇಕಾದದ್ದು ಮಾತ್ರ ಅಲ್ಲಿ ಸಿಗಲ್ಲ. ಒಳ್ಳೆ ಮನಸ್ಸಿನಿಂದ ಯಾರಾದರೂ ತಂದು ಹಾಕಲಿ ಅಂತ ಕಾಯುವ ಡೇಟಾಬೇಸ್‌ಗಳ ಹಣೆಬರಹ ಇಷ್ಟೇ. ನಾನು ಕಂಪನಿಗಳೊಳಗೇ ಬೇಕಾದಷ್ಟು ನೋಡಿದ್ದೇನೆ. ಶುರುವಿನ ವರ್ಷ ಭರ್ಜರಿ, ಆಮೇಲೆ ಧೂಳು.

ಡೊಂಬಿವಲಿ ವಕೀಲೆ

ಒಪ್ಪಿದೆ. ಆದರೆ ಕಡ್ಡಾಯ ಮಾಡಲು ಬ್ರಸೆಲ್ಸ್‌ನಂಥ ಒಂದು ಮೇಲಿನ ಕುರ್ಚಿ ಬೇಕು. ಐಟಿಯು ಯಾವ ದೇಶಕ್ಕೂ ಹಾಗೆ ಹೇಳುವ ಸ್ಥಿತಿಯಲ್ಲಿ ಇಲ್ಲ.

ಇನ್ನೊಂದು ತೊಡಕು. ಭಾರತದ ಆದೇಶ ಅಂದರೆ ಎಲ್ಲಿಂದ ತರುತ್ತೀರಿ? ಹೊರಗಿನವರು ಟ್ರಾಯ್ ಜಾಲತಾಣ ನೋಡಿ ಮುಗಿಸುತ್ತಾರೆ. 2000ದ ತಿದ್ದುಪಡಿ ಆದ ಮೇಲೆ ಕಂಪನಿ ಕಂಪನಿಯ ಜಗಳ ತೀರ್ಮಾನಿಸುವ ಅಧಿಕಾರ ಟ್ರಾಯ್‌ಗೆ ಇಲ್ಲ. ಅದು ಟಿಡಿಸ್ಯಾಟ್ ಎಂಬ ಟೆಲಿಕಾಂ ನ್ಯಾಯಮಂಡಳಿಗೆ ಹೋಯಿತು. ಟ್ರಾಯ್ ಮಾಡಿದ ನಿಯಮವೇ ಸರಿಯಿಲ್ಲ ಅಂತ ಕೇಳಬೇಕಾದರೆ ಟಿಡಿಸ್ಯಾಟ್‌ಗೂ ಹೋಗುವ ಹಾಗಿಲ್ಲ, ಹೈಕೋರ್ಟಿಗೇ ಹೋಗಬೇಕು. ಸುಪ್ರೀಂ ಕೋರ್ಟ್ 2013ರಲ್ಲಿ ಬಿಎಸ್ಎನ್ಎಲ್ ಕೇಸಿನಲ್ಲಿ ಹಾಗೆ ಹೇಳಿದೆ. ಲೈಸೆನ್ಸ್ ಕೊಡುವುದು ದೂರಸಂಪರ್ಕ ಇಲಾಖೆ. ಬ್ರಿಟನ್ನಿನಲ್ಲಿ ನಿಯಂತ್ರಕ ಆಫ್‌ಕಾಮ್ ತಾನೇ ಜಗಳವನ್ನೂ ಬಗೆಹರಿಸುತ್ತದೆ. ಹಾಗಾಗಿ ನಿಯಂತ್ರಕರ ಆದೇಶ ಮಾತ್ರ ಕೂಡಿಸುತ್ತೇವೆ ಅಂತ ಹೊರಟರೆ ಬ್ರಿಟನ್ನಿನ ಜಗಳಗಳೆಲ್ಲ ಒಳಗೆ ಬರುತ್ತವೆ, ಭಾರತದ್ದು ಒಂದೂ ಬರುವುದಿಲ್ಲ. ನೋಡಿದವರಿಗೆ ಇಲ್ಲಿ ಜಗಳವೇ ಇಲ್ಲವೇನೋ ಅನ್ನಿಸಬೇಕು!

ಮಾಟುಂಗಾ ಮಾಮ

ಆಫ್‌ಕಾಮ್ ಕಾಗದ ಓದುವಾಗ ಕತ್ತರಿ ಗುರುತು ಗಮನಿಸಿದ್ದೀರಾ? ಕಂಪನಿಯ ವ್ಯವಹಾರದ ಗುಟ್ಟಿನ ಅಂಕಿ ಇದ್ದ ಕಡೆ ಚೌಕ ಆವರಣದೊಳಗೆ ಒಂದು ಸಣ್ಣ ಕತ್ತರಿ ಚಿತ್ರ. ಖರ್ಚಿನ ಲೆಕ್ಕ ಬರುವ ಪುಟದಲ್ಲಂತೂ ಕತ್ತರಿಗಳ ಜಾತ್ರೆ. ವಾದ ಪೂರ್ತಿ ಸಿಗುತ್ತದೆ, ಅಂಕಿ ಮಾತ್ರ ಮಾಯ.

ವಾಸ್ಕೋ ಬಂದರಿನವ

ಅಂಕಿ ಸಿಕ್ಕಿದರೂ ಹಾಗೇ ಎತ್ತಿ ಹಾಕಲಿಕ್ಕಾಗುತ್ತಾ?

ಮಾಟುಂಗಾ ಮಾಮ

ಆಗುವುದಿಲ್ಲ. ಒಂದು ಕಂಪನಿಯ ಗ್ರಾಹಕ ಇನ್ನೊಂದು ಕಂಪನಿಯವನಿಗೆ ಕರೆ ಮಾಡಿದರೆ, ಕರೆ ಮುಟ್ಟಿಸಿದ್ದಕ್ಕೆ ಮೊದಲನೆಯವರು ಎರಡನೆಯವರಿಗೆ ದುಡ್ಡು ಕೊಡುತ್ತಿದ್ದರು, ಐಯುಸಿ. ನಮ್ಮಲ್ಲಿ 2009ರಲ್ಲಿ ನಿಮಿಷಕ್ಕೆ 20 ಪೈಸೆ, 2015ರಲ್ಲಿ 14, 2017ರ ಅಕ್ಟೋಬರ್‌ನಿಂದ 6. ಸೊನ್ನೆ ಆಗಬೇಕಿದ್ದದ್ದು 2020ರ ಜನವರಿಗೆ, ಒಂದು ವರ್ಷ ಮುಂದೆ ಹೋಗಿ 2021ರ ಜನವರಿ 1ಕ್ಕೆ ಆಯಿತು. ಯೂರೋಪಿನಲ್ಲಿ ಮೊಬೈಲಿಗೆ ಒಕ್ಕೂಟಕ್ಕೆಲ್ಲ ಒಂದೇ ಮಿತಿ, 2024ಕ್ಕೆ ನಿಮಿಷಕ್ಕೆ 0.2 ಯೂರೋ ಸೆಂಟ್. ಯೂರೋಗೆ 90 ರೂಪಾಯಿ ಹಿಡಿದರೆ 18 ಪೈಸೆ ಆಯಿತು.

ಬರೀ ಅಂಕಿ ನೋಡಿದವರು ಯೂರೋಪ್ ದುಬಾರಿ ಅಂದುಬಿಡುತ್ತಾರೆ. ಅವರು ಖರ್ಚಿನ ಮಾದರಿ ಕಟ್ಟಿ ಅಷ್ಟಕ್ಕೆ ಬಂದರು. ನಾವು ನಿನ್ನದು ನೀನೇ ಇಟ್ಟುಕೋ, ನನ್ನದು ನಾನು ಅನ್ನುವ ಪದ್ಧತಿಗೆ ಹೋದೆವು. ಅದಕ್ಕೂ ಇಲ್ಲಿ ಸಣ್ಣ ಜಗಳ ಆಗಲಿಲ್ಲ. ಹೊಸ ಕಂಪನಿಗೆ ಲಾಭ, ಹಳಬರಿಗೆ ನಷ್ಟ ಅಂತ ಕಾಗದದ ಮೇಲೆ ಕಾಗದ. ದರ ಒಂದು ಸಾಲು. ಅದರ ಹಿಂದಿನ ವಿವರಣಾ ಟಿಪ್ಪಣಿಯೇ ಅಸಲು ಸರಕು.

ಪಿಂಪ್ರಿ ಪಾಟೀಲ

ಇಷ್ಟೆಲ್ಲ ಓದಿದ ಮೇಲೆ ನನಗೂ ಆಸಕ್ತಿ ಬಂತು ಬಿಡ್ರಿ. ಆದರೆ ಅಕ್ಕನ ಕೆಲಸ ಆಗಲಿಲ್ಲವಲ್ಲ. ಅವರಿಗೆ ಕೇಬಲ್ ಸ್ಟೇಷನ್‌ದು ಬೇಕು.

ಮಾಟುಂಗಾ ಮಾಮ

ಅದಕ್ಕೊಂದು ಅಡ್ಡದಾರಿ ಇದೆ, ಎಲ್ಲರೂ ಮರೆಯುವಂಥದ್ದು. ಟ್ರಾಯ್ ಒಂದು ಸಮಾಲೋಚನಾ ಪತ್ರ ಹೊರಡಿಸಿದರೆ ಅದರಲ್ಲೇ ಬೇರೆ ದೇಶಗಳ ಅನುಭವ ಅಂತ ಸಾಮಾನ್ಯವಾಗಿ ಒಂದು ಭಾಗ ಇರುತ್ತದೆ. ಅದು ಎಲ್ಲರೂ ನೋಡುತ್ತಾರೆ. ಅಲ್ಲಿಗೆ ನಿಲ್ಲಬೇಡಿ. ಕಂಪನಿಗಳು, ಗ್ರಾಹಕ ಸಂಘಗಳು ಬರೆದ ಅಭಿಪ್ರಾಯಗಳನ್ನೂ ಟ್ರಾಯ್ ತನ್ನ ಜಾಲತಾಣದಲ್ಲಿ ಹಾಕುತ್ತದೆ. ದೊಡ್ಡ ಕಂಪನಿಗಳಿಗೆ ದೊಡ್ಡ ವಕೀಲರಿದ್ದಾರೆ, ನಿಮಗೆ ಸಿಗದ ಆ ದುಬಾರಿ ಚಂದಾ ಅವರಿಗಿದೆ. ತಮಗೆ ಅನುಕೂಲವಾದ ವಿದೇಶಿ ಆದೇಶ ಹುಡುಕಿ, ಹೆಸರು, ತಾರೀಕು, ಕಂಡಿಕೆ ಸಮೇತ ಬರೆದಿರುತ್ತಾರೆ. ಪುಕ್ಕಟೆ ಸಂಶೋಧನೆ ಅದು.

ಆಮೇಲೆ ಪ್ರತಿ-ಅಭಿಪ್ರಾಯಗಳನ್ನು ತೆರೆಯಿರಿ. ಎದುರಾಳಿ ಅಲ್ಲಿ ಹೇಳಿರುತ್ತಾನೆ: ಇವರು ಆ ದೇಶದ ಆದೇಶದ ಅರ್ಧ ಮಾತ್ರ ತೋರಿಸಿದ್ದಾರೆ, ಮುಂದಿನ ವರ್ಷ ಅದು ಬದಲಾಯಿತು ಅಂತ. ಗುಂಡ ಕೇಳುತ್ತಿದ್ದ ಆ 'ಸ್ಥಿತಿ' ಕಾಲಮ್ಮನ್ನು ವೈರಿಗಳೇ ತುಂಬಿ ಕೊಟ್ಟಿರುತ್ತಾರೆ.

ಕೊತ್ರೂಡ್ ಗುಂಡ

ಭಲೇ ಮಾಮ! ಜಗಳಗಂಟರೇ ನಿಜವಾದ ಡೇಟಾ ಎಂಟ್ರಿಯವರು ಅನ್ನಿ. ಅಮೆರಿಕದ ಎಫ್‌ಸಿಸಿಗೂ ಇಸಿಎಫ್ಎಸ್ ಅಂತ ಇದೆ, ಅಲ್ಲಿ ಬಂದ ಅರ್ಜಿ, ಅಭಿಪ್ರಾಯಗಳನ್ನು ಡಾಕೆಟ್ (ಕಡತದ) ಸಂಖ್ಯೆ ಹಾಕಿ ಹುಡುಕಬಹುದು. ಇವನ್ನೆಲ್ಲ ಓದಿ 'ಯಾರು ಯಾವ ದೇಶದ ಯಾವ ಆದೇಶ ಎತ್ತಿದರು' ಅಂತ ಒಂದು ಪಟ್ಟಿ ಮಾಡಿದರೆ ಯಾವ ಸರ್ಕಾರವೂ ಫಾರ್ಮ್ ತುಂಬುವುದು ಬೇಡ. ವಾರದ ಕೊನೆಗೆ ಒಂದು ಶೀಟ್ ಶುರು ಮಾಡುತ್ತೇನೆ. ಕಾಲಮ್‌ಗಳು: ದೇಶ, ತಾರೀಕು, ಹೊರಡಿಸಿದವರು, ಎಲ್ಲಿಯವರೆಗೆ ಲಾಗೂ, ಯಾರು ಎತ್ತಿದರು, ಎದುರಾಳಿ ಏನಂದರು, ಕೊನೆಗೆ ಏನಾಯಿತು.

ಡೊಂಬಿವಲಿ ವಕೀಲೆ

ಮಾಮ, ಟ್ರಾಯ್‌ನ ಕೇಬಲ್ ಸ್ಟೇಷನ್ ಸಮಾಲೋಚನೆಗೆ ಬಂದ ಅಭಿಪ್ರಾಯಗಳನ್ನು ಈಗಷ್ಟೇ ಇಳಿಸಿಕೊಂಡೆ. ತೆರೆದ ಮೊದಲ ಕಡತದಲ್ಲೇ ವಿದೇಶಿ ಆದೇಶಗಳ ಉಲ್ಲೇಖ ಸಾಲಾಗಿ ಸಿಕ್ಕಿತು. ಸೀನಿಯರ್‌ಗೆ ತೋರಿಸುವ ಮೊದಲು ಎದುರಿನವರು ಏನು ಹೇಳಿದ್ದಾರೆ ನೋಡುತ್ತೇನೆ. ಗುಂಡಣ್ಣ, ಶೀಟಿನಲ್ಲಿ 'ಮೂಲ ಕಾಗದ ಸಿಕ್ಕಿತಾ' ಅಂತ ಇನ್ನೊಂದು ಕಾಲಮ್ ಇಡಿ. ಬೇರೆಯವರು ಉಲ್ಲೇಖಿಸಿದ್ದನ್ನು ನಂಬಿ ಕೋರ್ಟಿನಲ್ಲಿ ನಿಲ್ಲುವ ಧೈರ್ಯ ನನಗಿಲ್ಲ.

ಪಿಂಪ್ರಿ ಪಾಟೀಲ

ಗುಂಡಣ್ಣ, ಹಂಗೇ ಹೌಸಿಂಗ್ ಸೊಸೈಟಿಗಳ ಮೇಲೆ ಟವರ್ ಹಾಕುವ ಬಗ್ಗೆ ಬೇರೆ ದೇಶದಲ್ಲಿ ಯಾರಾದರೂ ಏನಾದರೂ ಆದೇಶ ಕೊಟ್ಟಿದ್ದರೆ ಅದನ್ನೂ ಹಾಕು. ಬರುವ ತಿಂಗಳು ನಮ್ಮ ಜನರಲ್ ಬಾಡಿ ಮೀಟಿಂಗ್ ಇದೆ.